ಥ್ರಿಲ್ಲರ್‌ಗೆ ನಿಜವಾದ ಊರೇ ಬೇಕಾ?

ಥ್ರಿಲ್ಲರ್, ಸೈನ್ಸ್ ಫಿಕ್ಷನ್ ಹುಚ್ಚು ನನಗಿದೆ ಅಂತ ಗೊತ್ತಾದವರು ಕೇಳಿಯೇ ಕೇಳುತ್ತಾರೆ: ಇಂಥ ಕಥೆಗೆ ನಿಜವಾದ ಊರು ಒಳ್ಳೆಯದಾ, ಕಲ್ಪನೆಯದಾ? ನನ್ನ ಓಟು ನಿಜವಾದ ಊರಿಗೆ. ಕಲ್ಪನೆಯ ಊರಲ್ಲಿ ಲೇಖಕನಿಗೆ ಎಲ್ಲವೂ ಸಲೀಸು, ತಪ್ಪಿಸಿಕೊಂಡು ಓಡುವವನಿಗೆ ಬೇಕಾದ ಕಡೆ ಓಣಿ ಹುಟ್ಟಿಕೊಳ್ಳುತ್ತದೆ. ನಿಜವಾದ ಊರು ಹಾಗೆ ಬಗ್ಗುವುದಿಲ್ಲ.

‘ದಿ ಥರ್ಡ್ ಮ್ಯಾನ್’ (1949) ಸಿನಿಮಾ ನೋಡಿ, ಅದು ನಡೆಯುವುದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಎರಡನೇ ಮಹಾಯುದ್ಧದ ನಂತರ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ವಿಯೆನ್ನಾವನ್ನು ಪಾಲು ಮಾಡಿಕೊಂಡಿದ್ದವು. ನಡುವಿನ ಹಳೇ ಪೇಟೆ ಮಾತ್ರ ನಾಲ್ವರಿಗೂ ಸೇರಿದ್ದು, ಯಜಮಾನಿಕೆ ತಿಂಗಳಿಗೊಬ್ಬರದು. ಗಸ್ತಿನ ಜೀಪಿನಲ್ಲಿ ನಾಲ್ಕೂ ದೇಶದ ಒಬ್ಬೊಬ್ಬ ಸೈನಿಕ. ಇದನ್ನು ಯಾರಾದರೂ ಕಲ್ಪಿಸಿ ಬರೆದಿದ್ದರೆ ‘ಯಾಕೋ ಸ್ವಲ್ಪ ಜಾಸ್ತಿಯಾಯ್ತು’ ಅಂತಿದ್ದೆವು! ಕಲಬೆರಕೆ ಪೆನಿಸಿಲಿನ್ ದಂಧೆಯ ಹ್ಯಾರಿ ಲೈಮ್ ಸೋವಿಯತ್ ವಲಯದಲ್ಲಿ ಅಡಗುತ್ತಾನೆ. ಬ್ರಿಟಿಷ್ ಪೊಲೀಸರ ಕೈ ಅಲ್ಲಿಗೆ ಚಾಚುವುದಿಲ್ಲ. ಅವನ ಓಡಾಟವೆಲ್ಲ ಒಳಚರಂಡಿಯಲ್ಲಿ. ಮೇಲೆ ಗಡಿ ಎಳೆದವರು ಕೆಳಗೆ ಎಳೆದಿರಲಿಲ್ಲವಲ್ಲ. ವಿಯೆನ್ನಾ ತೆಗೆದರೆ ಕಥೆಯೇ ಉಳಿಯದು.

ನಮ್ಮಲ್ಲಿ ಪವನ್ ಕುಮಾರ್ ‘ಯು ಟರ್ನ್’ (2016) ಸಿನಿಮಾದಲ್ಲಿ ಮಾಡಿದ್ದೂ ಇದನ್ನೇ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಬೈಕ್ ತಿರುಗಿಸಿದವರು ಸಾಯುತ್ತಾ ಹೋಗುತ್ತಾರೆ. ಅದರ ದೆವ್ವ ನನ್ನನ್ನು ಅಷ್ಟೇನೂ ಹೆದರಿಸಲಿಲ್ಲ, ಆ ಕಲ್ಲು ಹೆದರಿಸಿತು.

ಸೈನ್ಸ್ ಫಿಕ್ಷನ್‌ನಲ್ಲೂ ಮನಸ್ಸಲ್ಲಿ ನಿಂತ ಎಷ್ಟೋ ನಗರಗಳು ಎಲ್ಲೋ ಇರುವಂಥವೇ. ‘ಆಲ್ಫಾವಿಲ್’ಗೆ (1965) ಫ್ರೆಂಚ್ ನಿರ್ದೇಶಕ ಗೊದಾರ್ ಸೆಟ್ ಹಾಕಿಸಲಿಲ್ಲ, ಆಗ ಪ್ಯಾರಿಸ್‌ನಲ್ಲಿ ಎದ್ದಿದ್ದ ಹೊಸ ಗಾಜಿನ ಕಟ್ಟಡಗಳನ್ನೇ ತೋರಿಸಿ ದೂರದ ಗ್ಯಾಲಕ್ಸಿ ಅಂದುಬಿಟ್ಟರು. ‘ಸೋಲಾರಿಸ್’ (1972) ಸಿನಿಮಾದ ಭವಿಷ್ಯದ ನಗರ ಟೋಕಿಯೊದ ಎಕ್ಸ್‌ಪ್ರೆಸ್‌ವೇ. ಮಳೆ, ನಿಯಾನ್ ಬೋರ್ಡು, ಹಾರುವ ಕಾರು ಇಟ್ಟರೆ ನಾಳೆಯ ನಗರ ತಯಾರು ಅಂದುಕೊಂಡವರ ಸಿನಿಮಾಗಳಲ್ಲಿ ನನಗೆ ಬರುವುದು ನಿದ್ದೆ.

ಕಲ್ಪನೆಯ ಊರೊಂದು ನನ್ನ ವಾದವನ್ನು ಅಲ್ಲಾಡಿಸಿದ್ದು ಚೈನಾ ಮಿಯೆವಿಲ್ ಅವರ ‘ದ ಸಿಟಿ ಆಂಡ್ ದ ಸಿಟಿ’ (2009) ಕಾದಂಬರಿ ಓದಿದಾಗ. ಒಂದೇ ಜಾಗದಲ್ಲಿ ಎರಡು ನಗರ. ಆ ಊರಿನವರು ಪಕ್ಕದಲ್ಲೇ ನಡೆದರೂ ಈ ಊರಿನವರು ಕಂಡೂ ಕಾಣದಂತಿರಬೇಕು, ನೋಡಿದರೆ ಅಪರಾಧ. ಕೊಲೆಯ ತನಿಖೆಗೆಂದು ಪೊಲೀಸ್ ಅಧಿಕಾರಿ ಆ ಊರಿಗೆ ಹೋಗಬೇಕೆಂದರೆ, ಅದು ತನ್ನದೇ ಬೀದಿಯ ಆಚೆ ಬದಿಯಾಗಿದ್ದರೂ, ಗಡಿಯ ಕಚೇರಿಯನ್ನು ಹಾದೇ ಹೋಗಬೇಕು. ಈ ನಿಯಮವನ್ನು ಮಿಯೆವಿಲ್ ತಮ್ಮ ಅನುಕೂಲಕ್ಕೆಂದು ಸಡಿಲ ಬಿಡುವುದಿಲ್ಲ.