ನಾಲ್ಕನೆಯವರು ಏನಂದರು?

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕವಿ, ವಿದ್ವಾಂಸ ಎ.ಕೆ. ರಾಮಾನುಜನ್ ಮಾತು ಬಂತು. ರಾಮಾಯಣದ ಬೇರೆ ಬೇರೆ ರೂಪಗಳ ಬಗ್ಗೆ ಅವರು ಬರೆದ 'ಮುನ್ನೂರು ರಾಮಾಯಣಗಳು' ಪ್ರಬಂಧವನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪಠ್ಯದಿಂದ ತೆಗೆದ ಕತೆಯನ್ನು ಎಂದಿನಂತೆ ಜೋರಾಗಿ ಶುರು ಮಾಡಿದೆ. ಅಭಿಪ್ರಾಯ ಕೇಳಿದ್ದ ನಾಲ್ವರು ತಜ್ಞರಲ್ಲಿ ಮೂವರು ಇರಲಿ ಅಂದರೂ ತೆಗೆದುಬಿಟ್ಟರು, ನೋಡಿ!

"ಆ ನಾಲ್ಕನೆಯವರು ಏನಂದ್ರು ಚಿಕ್ಕಪ್ಪಾ?" ಅಂದಳು ಅಣ್ಣನ ಮಗಳು.

ತುತ್ತು ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಅವರನ್ನು 'ಆ ಕಡೆಯವರು' ಅಂತ ಸುಮ್ನೆ ಮುಗಿಸಿದ್ದೆ. ರಾತ್ರಿ ಹುಡುಕಿ ಓದಿದೆ. ಡಿಗ್ರಿ ಮಕ್ಕಳು ಇದನ್ನು ಹೇಗೆ ತಗೋತಾರೆ, ಮೇಷ್ಟ್ರು ಹೇಗೆ ಪಾಠ ಮಾಡ್ತಾರೆ ಅನ್ನೋದು ಅವರ ಚಿಂತೆ.

ನನಗಂತೂ ಒಪ್ಪಿಗೆಯಿಲ್ಲ. ನಮ್ಮದೇ ಜನಪದ ರಾಮಾಯಣವೊಂದರಲ್ಲಿ ರಾವಣನೇ ಬಸುರಿ. ಅವನು ಸೀತಾಗ, ಅಂದರೆ ಸೀನಿದಾಗ, ಹುಟ್ಟಿದವಳು ಸೀತೆ. ಪ್ರಬಂಧದಲ್ಲೂ ಈ ಕತೆ ಇದೆ. ಹಳ್ಳಿಯವರು ಹಾಡಿಕೊಂಡು ಬಂದದ್ದನ್ನು ಕಾಲೇಜಿನವರು ತಡೆದುಕೊಳ್ಳಲಾರರೇ?

ಆದರೂ 2008ರಲ್ಲಿ ಈ ಪ್ರಬಂಧ ಬೇಡವೆಂದು ಅಲ್ಲಿನ ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿದವರನ್ನೂ, ಕೂತು ಅಭಿಪ್ರಾಯ ಕೊಟ್ಟವರನ್ನೂ ಒಂದೇ ಗಂಟಿಗೆ ಕಟ್ಟಿದ್ದು ನನ್ನ ತಪ್ಪು, ಅಲ್ವಾ?

ಬೆಳಿಗ್ಗೆ ಕಾಫಿ ಹೊತ್ತಿಗೆ ಅವಳಿಗೆ ಇದೆಲ್ಲ ಹೇಳಿದೆ. "ಸೀತಾಗ ಸೀತೆನಾ?" ಅಂತ ನಗುತ್ತಲೇ ಇದ್ದಾಳೆ.