ಬದುವಿನ ಕರಿಜಾಲಿ

ಹೋದ ಬೇಸಿಗೆಯಲ್ಲಿ ಯಲಬುರ್ಗಾ ಸೀಮೆಯ ನಮ್ಮ ಹೊಲಕ್ಕೆ ಜೆಸಿಬಿ ಕರೆಸಿದ್ದೆ. ಬದುವಿನ ಮುಳ್ಳುಕಂಟಿಯನ್ನೆಲ್ಲ ಕಿತ್ತು ಹಾಕುವುದಿತ್ತು. ನಾಲ್ಕನೇ ಗಿಡಕ್ಕೆ ಯಂತ್ರ ಬಾಯಿ ಹಾಕುವಾಗ ಕಾಕಾ ಓಡಿ ಬಂದು ಅಡ್ಡ ನಿಂತರು.

"ಏ ತಮ್ಮಾ, ಇದು ಬಳ್ಳಾರಿ ಜಾಲಿ ಅಲ್ಲ, ಕರಿಜಾಲಿ. ಕಣ್ಣು ಬಿಟ್ಟು ನೋಡು."

ಅಷ್ಟರಲ್ಲಿ ಒಂದು ಕರಿಜಾಲಿ ಉರುಳಿಯಾಗಿತ್ತು. ಅಪ್ಪ ಅದರ ಕೆಳಗೇ ಬುತ್ತಿ ಬಿಚ್ಚುತ್ತಿದ್ದರು.

ಗುರುತು ಕಷ್ಟವೇನಲ್ಲ. ಕರಿಜಾಲಿಯ ಹೂ ಹಳದಿ ಗುಂಡು, ಕಾಯಿ ಮಣಿ ಪೋಣಿಸಿದ ಹಾಗೆ ಬೀಜ ಬೀಜಕ್ಕೂ ಸೊಂಟ ಕಟ್ಟಿರುತ್ತದೆ. ಬಳ್ಳಾರಿ ಜಾಲಿಯ ಹೂ ಬಾಲದಂತೆ ಉದ್ದ, ಹಣ್ಣಾದ ಕಾಯಿ ಹಳದಿ, ಸಿಹಿ. ಹೆಸರಲ್ಲಿ ಬಳ್ಳಾರಿ ಇದ್ದರೂ ಅದರ ತವರು ಅಮೆರಿಕ ಖಂಡದ ಒಣನಾಡು. ಭಾರತಕ್ಕೆ ಬಂದದ್ದು 19ನೇ ಶತಮಾನದ ಕೊನೆಗೆ. ದನ ಕುರಿ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಹಾಕುತ್ತವೆ, ಕೆರೆ ಅಂಗಳವೆಲ್ಲ ಅದರದೇ ಆಗುತ್ತದೆ. ಅದನ್ನು ಕೀಳಲು ನನಗೆ ಇವತ್ತಿಗೂ ಬೇಸರವಿಲ್ಲ.

ಕರಿಜಾಲಿಯ ಮಾತು ಬೇರೆ. ಬೇರು ಆಳಕ್ಕಿಳಿದು, ಎಲೆ ಎಳ್ಳಿನಷ್ಟು ಸಣ್ಣದಾಗಿ ಒಡೆದು, ಬಿರುಬಿಸಿಲಲ್ಲೂ ಹಸಿರಾಗಿ ನಿಲ್ಲುತ್ತದೆ. ಹೊಲ ಬರಿದಾದಾಗ ಕುರಿಗಾರರು ದೋಟಿಯಿಂದ ಕಾಯಿ ಉದುರಿಸುತ್ತಾರೆ. ತೊಗಟೆ ಚರ್ಮ ಹದ ಮಾಡಲು, ಕಡ್ಡಿ ಹಲ್ಲುಜ್ಜಲು. ಬಡಿಗೇರರು ದಿಮ್ಮಿಯನ್ನು ತಿಂಗಳುಗಟ್ಟಲೆ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಚಕ್ಕಡಿಯ ಗಾಲಿಗೆ ಬಳಸುತ್ತಿದ್ದರು. ಬೀಜ ಬಿತ್ತುವ ನಮ್ಮ ಹಳೆಯ ಕೂರಿಗೆಯೂ ಜಾಲಿಯದೇ. ಅಟ್ಟದ ಮೇಲಿದೆ, ಒಂದು ಹುಳು ಮುಟ್ಟಿಲ್ಲ. ಕರಿಜಾಲಿಯ ನೆರಳು ಬಿದ್ದ ಕಡೆ ಜೋಳ ಸೊರಗುವುದು ನಿಜ. ಆ ಎರಡು ಸಾಲು ಜೋಳವನ್ನು ಮರಕ್ಕೆ ಬಿಟ್ಟುಕೊಟ್ಟರೆ ನಷ್ಟವಲ್ಲ ಅನ್ನುವುದು ನನಗೆ ತಡವಾಗಿ ತಿಳಿಯಿತು.

ಕರಿಜಾಲಿಯ ಶಾಸ್ತ್ರೀಯ ಹೆಸರನ್ನು ನಾವು ಅಕೇಸಿಯಾ ಎಂದೇ ಓದಿದ್ದೆವು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯಶಾಸ್ತ್ರಜ್ಞರು ಆ ಹೆಸರನ್ನು ಜಾಲಿಯ ಬಂಧುಗಳಾದ ಆಸ್ಟ್ರೇಲಿಯಾದ ಮರಗಳ ಗುಂಪಿಗೆ ಕೊಟ್ಟರು. ಮಲೆನಾಡಿನ ನೆಡುತೋಪುಗಳ ಮುಳ್ಳಿಲ್ಲದ ಮರ ಅಕೇಸಿಯಾ ಆಗಿಯೇ ಉಳಿಯಿತು, ನಮ್ಮ ಜಾಲಿ ವಾಚೆಲಿಯಾ ನಿಲೋಟಿಕಾ ಆಯಿತು. ನನಗೆ ಅದು ಸರಿ ಕಾಣುವುದಿಲ್ಲ. ಕಾಕಾನಿಗೆ ಹೇಳಿದೆ, "ಜಾಲಿ ಅಂದ್ರ ಜಾಲಿನ" ಅಂದರು.

ಕಾಯಿ ತಿಂದ ಕುರಿಗಳು ಮೆಲುಕು ಹಾಕುವಾಗ ಬೀಜ ಉಗುಳುತ್ತವೆ. ಹಟ್ಟಿಯಿಂದ ಅಂಥ ಬೀಜ ಆರಿಸಿ ತಂದು, ಮೊದಲ ಮಳೆಗೆ ಕಿತ್ತ ಜಾಗದಲ್ಲೇ ಇಪ್ಪತ್ತು ಊರಿದೆ. ಹನ್ನೊಂದು ಎದ್ದಿವೆ. ಇನ್ನೂ ಗೇಣುದ್ದ ಇಲ್ಲ, ಆಗಲೇ ಜೋಡಿ ಮುಳ್ಳು ಮೂಡಿವೆ.