ಖಾರ್ಕಿವ್‌ನಲ್ಲಿರುವ ಅಮ್ಮ

ನನ್ನ ಜೊತೆ ಕೆಲಸ ಮಾಡುವ ಗೆಳತಿಯ ಅಮ್ಮ ಉಕ್ರೇನಿನ ಖಾರ್ಕಿವ್‌ನಲ್ಲಿದ್ದಾರೆ. ರಷ್ಯಾದ ಗಡಿ ಅಲ್ಲಿಗೆ ತೀರಾ ಹತ್ತಿರ. 2022ರ ಫೆಬ್ರವರಿ 24ರಂದು ದಾಳಿ ಶುರುವಾದಾಗ ಎಷ್ಟೋ ಜನ ಮೆಟ್ರೊ ನಿಲ್ದಾಣಗಳಲ್ಲೇ ಮಲಗಿದರು. ಆಮೇಲೆ ಅಲ್ಲೇ, ನೆಲದಡಿಯಲ್ಲಿ, ಮಕ್ಕಳಿಗೆ ಪಾಠವೂ ಶುರುವಾಯಿತು.

ಗೆಳತಿಯ ಫೋನಿನಲ್ಲಿ ಆ ಊರಿನ ದಾಳಿಯ ಎಚ್ಚರಿಕೆ ಕೊಡುವ ಆ್ಯಪ್ ಇದೆ. ಮೀಟಿಂಗ್ ನಡುವೆ ಅದು ಕೂಗುತ್ತದೆ. ಅಮ್ಮನಿಗೆ ಒಂದು ಮೆಸೇಜ್ ಹಾಕಿ, ಬಿಟ್ಟಲ್ಲಿಂದಲೇ ಮಾತು ಮುಂದುವರಿಸುತ್ತಾಳೆ. ದನಿ ನಡುಗುವುದಿಲ್ಲ. ಆದರೆ ಉತ್ತರ ಬರುವವರೆಗೆ ಫೋನ್ ಕೆಳಗಿಡುವುದಿಲ್ಲ. ಇದು ಧೈರ್ಯ ಅಂದರೆ ಅವಳು ಒಪ್ಪಲ್ಲ. "ಅಮ್ಮನೇ ಊರು ಬಿಡಲ್ಲ ಅಂತಿದ್ದಾಳೆ, ನಾನೇನು ಮಾಡಲಿ?" ಅನ್ನುತ್ತಾಳೆ. ನನ್ನ ಪ್ರಕಾರ ಇದು ಧೈರ್ಯವೇ, ಇಬ್ಬರದೂ. ದಿನಾ ಬೆಳಿಗ್ಗೆ ಬೇರೆ ಮಾತಿಗಿಂತ ಮೊದಲು ನಾನು ಕೇಳುವುದು, "ಅಮ್ಮನ ಮೆಸೇಜ್ ಬಂತಾ?"